ಟರ್ಬೊ ಏಳುವ ತನಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ಟರ್ಬೊ ಗಾಡಿ ಇಟ್ಟವರು ಬಹಳ. ಟರ್ಬೊ ಅಂದರೇನು ಎಂದು ವಿವರಿಸುವವರು ಅದಕ್ಕಿಂತ ಬಹಳ. ಗಾಡಿ ಇಲ್ಲದವರೂ ವಿವರಿಸುತ್ತಾರೆ, ಅವರೇ ಹೆಚ್ಚು ಹೊತ್ತು ವಿವರಿಸುತ್ತಾರೆ. ಹೀಗಾಗಿ ಈ ಭಾಗಕ್ಕೆ ಅನ್ವಯಿಸುವ ಒಂದು ಅಧಿಕೃತ ತಾಂತ್ರಿಕ ಟಿಪ್ಪಣಿಯ ಅಗತ್ಯ ಬಹಳ ದಿನದಿಂದ ಇತ್ತು. ಆ ಕೊರತೆಯನ್ನು ಈ ಬರಹ ನೀಗಿಸುತ್ತದೆ.

ಬರೆದವನ ಅರ್ಹತೆಯ ಬಗ್ಗೆ ಅನುಮಾನ ಬೇಡ. ಗ್ಯಾರೇಜಿನ ಮುಂದಿನ ಬಾಕಿನ ಮೇಲೆ ಕೂತು, ಬೇರೆಯವರ ಗಾಡಿ ಬಿಚ್ಚುವುದನ್ನು ನೋಡುತ್ತ, ಬೇರೆಯವರ ದುಡ್ಡಿನ ಚಹಾ ಕುಡಿದ ದೀರ್ಘ ಅನುಭವವಿದೆ. ಕೈಗೆ ಎಣ್ಣೆ ಹತ್ತಿಸಿಕೊಂಡಿಲ್ಲ. ತಜ್ಞರು ಹತ್ತಿಸಿಕೊಳ್ಳುವುದಿಲ್ಲ.

ಮುಧೋಳ ನಾಯಿಯನ್ನು ಉದಾಹರಣೆಯಾಗಿ ತರಬೇಕೆಂದು ಹಲವರು ಸೂಚಿಸಿದ್ದರು. ನಾಯಿಗೆ ಟರ್ಬೊ ಇಲ್ಲದ ಕಾರಣ ಕೈಬಿಡಲಾಗಿದೆ.

1. ಗಾಳಿಯ ಲೆಕ್ಕ

ಗಾಡಿ ಡೀಸೆಲ್ ಮೇಲೆ ಓಡುತ್ತದೆ ಎಂಬುದು ಪೆಟ್ರೋಲ್ ಬಂಕಿನವರು ಹಬ್ಬಿಸಿದ ಮಾತು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 12 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ ಹತ್ತು ಸಾವಿರ ಲೀಟರ್. ಬಂಕಿನವನು ಒಂದು ಲೀಟರಿನ ದುಡ್ಡು ಇಸಕೊಳ್ಳುತ್ತಾನೆ, ಉಳಿದ ಹತ್ತು ಸಾವಿರ ಲೀಟರ್ ಸದ್ಯಕ್ಕೆ ಪುಕ್ಕಟೆ. ಇದನ್ನು ಓದುಗರು ಯಾವ ಸರ್ಕಾರದ ಕಿವಿಗೂ ಹಾಕಬಾರದೆಂದು ವಿನಂತಿ.

ಸಾದಾ ಎಂಜಿನ್ ತನ್ನ ಸಿಲಿಂಡರಿನಲ್ಲಿ ಹಿಡಿಯುವಷ್ಟು ಗಾಳಿಯನ್ನು ತಾನೇ ಎಳೆದುಕೊಂಡು ಅಷ್ಟಕ್ಕೆ ತಕ್ಕ ಎಣ್ಣೆ ಸುಡುತ್ತದೆ. ಹೆಚ್ಚು ಶಕ್ತಿ ಬೇಕೆಂದರೆ ದಾರಿ ಎರಡು: ಸಿಲಿಂಡರ್ ದೊಡ್ಡದು ಮಾಡಬೇಕು, ಇಲ್ಲವೇ ಇದ್ದ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಬೇಕು. ಎರಡನೆಯ ಕೆಲಸ ಟರ್ಬೊದು. ಒತ್ತುವ ಶಕ್ತಿಯನ್ನು ಅದು ಹೊಗೆಯಿಂದ ತೆಗೆಯುತ್ತದೆ. ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬಿಸಿಹೊಗೆಯಾಗಿ ಸೈಲೆನ್ಸರಿನಿಂದ ಹೊರಬಿದ್ದು ವ್ಯರ್ಥವಾಗುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ದಂಡದ ತುದಿಗೆ ಪುಟ್ಟ ಪಂಖ ಇಟ್ಟರೆ ಅದು ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಗೆ ಇನ್ನೊಂದು ಪಂಖ ಇಟ್ಟರೆ ಅದೂ ತಿರುಗಿ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತುತ್ತದೆ. ಮೊದಲನೆಯದು ಟರ್ಬೈನ್, ಎರಡನೆಯದು ಕಂಪ್ರೆಸರ್. ಟರ್ಬೊ ಅಂದರೆ ಇಷ್ಟೇ. ಉಳಿದದ್ದು ಬಾಕಿನ ಮೇಲೆ ಕೂತವರು ಸೇರಿಸಿದ್ದು.

ಇದು ಈ ಭಾಗದ ಜನಕ್ಕೆ ಹೊಸತಲ್ಲ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಸಿಪ್ಪೆ ಬರುತ್ತದೆ. ಸಕ್ಕರೆ ಕಾರ್ಖಾನೆಯವರು ಅದನ್ನು ಬಾಯ್ಲರಿಗೆ ಹಾಕಿ, ಉಗಿ ಮಾಡಿ, ಟರ್ಬೈನ್ ತಿರುಗಿಸಿ, ಆ ವಿದ್ಯುತ್ತಿನಿಂದಲೇ ಮತ್ತೆ ಕಬ್ಬು ಅರೆಯುತ್ತಾರೆ, ಮಿಕ್ಕಿದ್ದನ್ನು ಮಾರುತ್ತಾರೆ. ಬಿಸಾಡುವ ವಸ್ತುವೇ ಯಂತ್ರವನ್ನು ನಡೆಸುವುದು ಟರ್ಬೊದ ತತ್ವ. ವ್ಯತ್ಯಾಸವಿಷ್ಟೇ: ಟರ್ಬೊದಲ್ಲಿ ಬಂದ ಲಾಭ ಹೊಗೆ ಕೊಟ್ಟ ಎಂಜಿನ್ನಿಗೇ ಮರಳುತ್ತದೆ.

2. ಇತಿಹಾಸ

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಟರ್ಬೊದ ಪೇಟೆಂಟ್ ಪಡೆದದ್ದು 1905ರಲ್ಲಿ. ಎಂಜಿನ್ನಿನ ಶಕ್ತಿ ಶೇ. 40ರಷ್ಟು ಏರಿತು ಎಂದು ಆತ ಮಾಡಿ ತೋರಿಸಿದ್ದು 1925ರಲ್ಲಿ. ನಡುವಿನ 20 ವರ್ಷ ಟರ್ಬೊದ ಮೊಟ್ಟಮೊದಲ ಲ್ಯಾಗ್. ಲ್ಯಾಗ್ ಎಂದರೆ ಕಾಲು ಒತ್ತಿದ ಹೊತ್ತಿಗೂ ಗಾಡಿ ಜಗ್ಗುವ ಹೊತ್ತಿಗೂ ಇರುವ ಅಂತರ. ಬ್ಯೂಖಿ ಎರಡು ದಶಕ ಕಾಲು ಒತ್ತಿಕೊಂಡೇ ಕೂತಿದ್ದರು. ಈ ಭಾಗದಲ್ಲಿ ಹುಟ್ಟಿದ್ದರೆ ಅವರನ್ನು ಯಾರೂ ವಿಶೇಷವಾಗಿ ಗಮನಿಸುತ್ತಿರಲಿಲ್ಲ.

1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬುವರು ವಿಮಾನದ ಎಂಜಿನ್ ಒಂದನ್ನು 14 ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲೆ ಒಯ್ದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ ತೆಳುಗಾಳಿಯಲ್ಲಿ 230ಕ್ಕೆ ಇಳಿಯಿತು. ಟರ್ಬೊ ಕೂಡಿಸಿದಾಗ 356ಕ್ಕೆ ಏರಿತು. ಮುಧೋಳ ಇರುವುದು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿ, ಆದ್ದರಿಂದ ನಮ್ಮಲ್ಲಿ ಎತ್ತರದ ತೊಂದರೆ ಇಲ್ಲ. ನಮ್ಮಲ್ಲಿ ಗಾಳಿ ತೆಳುವಾಗುವುದು ಬಿಸಿಲಿಗೆ. 20 ಡಿಗ್ರಿಯ ಗಾಳಿ 40 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇ. 6ಕ್ಕಿಂತ ಹೆಚ್ಚು ಇಳಿಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಗಾಡಿ ಜಗ್ಗುವುದಿಲ್ಲ ಎಂದು ಡ್ರೈವರ್ ಗೊಣಗಿದರೆ ಅದು ಭೌತಶಾಸ್ತ್ರ. ಊಟವಾದ ಮೇಲೆ ಡ್ರೈವರ್ ತಾನೇ ಜಗ್ಗದಿದ್ದರೆ ಅದು ಬೇರೆ ಅಧ್ಯಾಯ.

ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಗಾಡಿಗಳಲ್ಲಿ. ಜೆಟ್‌ಫೈರಿಗೆ ಪೆಟ್ರೋಲಿನ ಜೊತೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ದ್ರವವನ್ನೂ ಬೇರೆ ಟ್ಯಾಂಕಿನಲ್ಲಿ ತುಂಬಬೇಕಿತ್ತು. ಮಾಲೀಕರು ತುಂಬುವುದನ್ನೇ ಮರೆತರು. ಗಾಡಿ ಕೊಂಡ ದಿನ ಶೋರೂಮಿನವರು ಹೇಳಿದ್ದನ್ನು ಮರೆಯುವುದರಲ್ಲಿ ಅಮೆರಿಕದವರಿಗೂ ನಮಗೂ ಭೇದವಿಲ್ಲ ಎಂಬುದಕ್ಕೆ ಇದು ದಾಖಲೆ.

1973ರಲ್ಲಿ ಬಿಎಂಡಬ್ಲ್ಯೂ ಕಂಪನಿ ‘2002 ಟರ್ಬೊ’ ಎಂಬ ಕಾರು ತಂದಿತು. ಅದರ ಮೂತಿಯ ಮೇಲೆ ಹೆಸರನ್ನು ಉಲ್ಟಾ ಬರೆಸಲಾಗಿತ್ತು. ಮುಂದಿನ ಗಾಡಿಯವನು ಕನ್ನಡಿಯಲ್ಲಿ ಅದನ್ನು ಸುಲ್ಟಾ ಓದಿ ದಾರಿ ಬಿಡಲಿ ಎಂಬುದು ಉದ್ದೇಶ. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು, ಬರೀ 1,672 ಕಾರುಗಳಿಗೆ ಅದರ ಕಥೆ ಮುಗಿಯಿತು. ನಮ್ಮ ರಸ್ತೆಗಳಲ್ಲಿ ಈ ತಂತ್ರಜ್ಞಾನ ಸುಧಾರಿಸಿದೆ. ಇಲ್ಲಿ ‘ಟರ್ಬೊ’ ಎಂಬ ಸ್ಟಿಕ್ಕರನ್ನು ಗಾಡಿಯ ಹಿಂದೆ ಅಂಟಿಸುತ್ತಾರೆ, ‘ರೈತನ ಮಗ’ ಎಂಬುದರ ಕೆಳಗೆ. ಒಳಗೆ ಟರ್ಬೊ ಇರಲೇಬೇಕೆಂಬ ನಿರ್ಬಂಧವಿಲ್ಲ. ಸ್ಟಿಕ್ಕರ್ ಟರ್ಬೊಗೆ ಲ್ಯಾಗ್ ಇಲ್ಲ, ಎಣ್ಣೆ ಬೇಡ, ಅಂಟಿಸಿದ ಕ್ಷಣದಿಂದಲೇ ಮಾಲೀಕನಲ್ಲಿ ಒತ್ತಡ ಏರುತ್ತದೆ.

ಭಾರತಕ್ಕೆ ಬಂದ ಮೇಲೆ ಟರ್ಬೊದ ಭವಿಷ್ಯ ನಿರ್ಧರಿಸಿದ್ದು ಎಂಜಿನಿಯರುಗಳಲ್ಲ, ತೆರಿಗೆಯವರು. ಉದ್ದ 4 ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ, ಡೀಸೆಲ್ ಎಂಜಿನ್ 1500 ಸಿಸಿಯೊಳಗೆ ಇದ್ದರೆ ಅದು ಸಣ್ಣ ಕಾರು, ತೆರಿಗೆ ಕಡಿಮೆ. ಕಂಪನಿಗಳು ಎಂಜಿನ್ ಸಣ್ಣದು ಮಾಡಿ ತೆರಿಗೆ ಉಳಿಸಿದವು, ಟರ್ಬೊ ಹಾಕಿ ಶಕ್ತಿ ಉಳಿಸಿದವು. ಗಿರಾಕಿಗೆ ಏನು ಉಳಿಯಿತು ಎಂಬ ಪ್ರಶ್ನೆ ಈ ಟಿಪ್ಪಣಿಯ ವ್ಯಾಪ್ತಿಗೆ ಬರುವುದಿಲ್ಲ.

3. ಇಂಟರ್‌ಕೂಲರ್

ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಟರ್ಬೊದಿಂದ ಹೊರಬರುವಾಗ 100 ಡಿಗ್ರಿ ದಾಟಿರುತ್ತದೆ. ಕಾದ ಗಾಳಿ ಹಿಗ್ಗಿದರೆ ಒತ್ತಿದ್ದೆಲ್ಲ ವ್ಯರ್ಥ. ಅದನ್ನು ತಣಿಸಲು ಗಾಡಿಯ ಮುಂಭಾಗದಲ್ಲಿ, ಜಾಳಿಗೆಯ ಹಿಂದೆ ರೇಡಿಯೇಟರಿನಂಥದೇ ಒಂದು ಪೆಟ್ಟಿಗೆ ಇರುತ್ತದೆ. ಹೊರಗಿನ ಗಾಳಿ ಅದಕ್ಕೆ ತಾಗುತ್ತಿರಬೇಕು. ಕಂಪನಿಯವರು ಹೀಗೆ ಹೇಳಿದ್ದಾರೆ.

ನಮ್ಮ ಭಾಗದಲ್ಲಿ ಈ ಜಾಗದ ಬಳಕೆ ಹೆಚ್ಚು ವೈಜ್ಞಾನಿಕವಾಗಿದೆ. ಖಂಡೇ ಪೂಜೆಗೆ ಕಟ್ಟಿದ ಬಾಳೆಕಂಬ, ಚೆಂಡು ಹೂವಿನ ಮಾಲೆ, ಲಿಂಬೆಹಣ್ಣು-ಮೆಣಸಿನಕಾಯಿ, ಸಂಘಟನೆಯ ಬೋರ್ಡು, ಗೆದ್ದ ಅಭ್ಯರ್ಥಿಯ ಫೋಟೊ, ಸೋತ ಅಭ್ಯರ್ಥಿಯ ಫೋಟೊದ ಉಳಿದ ಅರ್ಧ ಎಲ್ಲವೂ ಇದೇ ಜಾಳಿಗೆಯ ಮೇಲೆ ಬರುತ್ತವೆ. ಇವುಗಳ ಸಂದಿಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಹಾರಿಬಂದ ರವದಿ ಸಿಕ್ಕಿಕೊಳ್ಳುತ್ತದೆ. ಇಷ್ಟಾದ ಮೇಲೂ ಒಳಗೆ ಹೋಗುವ ಗಾಳಿ ನಿಜಕ್ಕೂ ಶ್ರದ್ಧಾವಂತ ಗಾಳಿ. ಕಣ್ಣೆಸರು ತಗಲದಂತೆ ಕಟ್ಟಿದ ಲಿಂಬೆಹಣ್ಣಿಗೇ ಮೊದಲು ಬಿಸಿ ತಗಲಿ ಅದು ಬಾಡಿದರೆ, ದೃಷ್ಟಿ ತೆಗೆದುಕೊಂಡಿತು ಎಂದು ಹೊಸದು ಕಟ್ಟತಕ್ಕದ್ದು.

4. ಲ್ಯಾಗ್: ದರ್ಜೆಗಳು

ಇದು ಈ ಟಿಪ್ಪಣಿಯ ಮುಖ್ಯ ಭಾಗ. ಹೊಗೆ ಜೋರಾಗಿ ಬಂದರೆ ಟರ್ಬೊ ಏಳುತ್ತದೆ, ಟರ್ಬೊ ಎದ್ದರೆ ಗಾಳಿ ಬರುತ್ತದೆ, ಗಾಳಿ ಬಂದರೆ ಎಣ್ಣೆ ಹೆಚ್ಚು ಉರಿದು ಹೊಗೆ ಜೋರಾಗುತ್ತದೆ. ಇದರಲ್ಲಿ ಮೊದಲು ಯಾರು ಏಳಬೇಕು ಎಂಬ ಬಗ್ಗೆ ಒಳಗೆ ಸ್ವಲ್ಪ ಹೊತ್ತು ಚರ್ಚೆ ನಡೆಯುತ್ತದೆ. ಅದೇ ಲ್ಯಾಗ್.

ಪ್ರಥಮ ದರ್ಜೆಯ ಲ್ಯಾಗ್ ಒಂದೆರಡು ಸೆಕೆಂಡಿನದು. ಫಿಯೆಟ್ ಮೂಲದ 1248 ಸಿಸಿ ಡೀಸೆಲ್ ಎಂಜಿನ್ ಮಾರುತಿ, ಟಾಟಾ ಎರಡೂ ಕಂಪನಿಗಳ ಕಾರುಗಳಲ್ಲಿ ಕೂತು ನಮ್ಮ ಊರುಗಳಿಗೆ ಬಂದಿತ್ತು. 2,000 ಸುತ್ತಿನ ಕೆಳಗೆ ಅದು ಜಪದಲ್ಲಿ ಇರುತ್ತಿತ್ತು, ಮೇಲೆ ಹೋದರೆ ಒಮ್ಮೆಲೇ ಎದ್ದು ಜಿಗಿಯುತ್ತಿತ್ತು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವವರು ಇದನ್ನು ಚೆನ್ನಾಗಿ ಬಲ್ಲರು. ಊರು ಬಂತೆಂದರೆ ಹಂಪ್, ಹಂಪ್ ಬಂತೆಂದರೆ ಗೇರ್ ಇಳಿಸಬೇಕು. ಹಂಪ್ ದಾಟಿ ಕಾಲು ಒತ್ತಿ, ಟರ್ಬೊ ಕಣ್ಣು ಬಿಟ್ಟು, ಗಾಡಿ ಇನ್ನೇನು ಜಗ್ಗಬೇಕು ಎನ್ನುವಷ್ಟರಲ್ಲಿ ಮುಂದಿನ ಹಂಪ್. ಟರ್ಬೊ ಕಂಪನಿಗಳೂ ಹಂಪ್ ಹಾಕುವವರೂ ಪರಸ್ಪರ ಅಳತೆ ಹಂಚಿಕೊಂಡಿದ್ದಾರೆ ಎಂಬುದು ತಜ್ಞರ ಅಭಿಪ್ರಾಯ. ತಜ್ಞ ಎಂದರೆ ನಾನು.

ದ್ವಿತೀಯ ದರ್ಜೆಯ ಲ್ಯಾಗ್ 14 ದಿನಗಳದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಕೊಡಬೇಕು. ಇದು ಪ್ರಯೋಗಾಲಯದಲ್ಲಿ ಅಳೆದ ಲ್ಯಾಗ್. ರಸ್ತೆಯ ಮೇಲೆ ಅಳೆದರೆ ಬೇರೆ ಬರುತ್ತದೆ, ಮೈಲೇಜಿನ ವಿಷಯದಲ್ಲಿ ಆಗುವ ಹಾಗೆ. ಬಡ್ಡಿ ಎಂಬ ಬಿಡಿಭಾಗ ಕೈಪಿಡಿಯಲ್ಲಿ ಇದೆ, ಅದನ್ನು ಕೈಯಲ್ಲಿ ಹಿಡಿದು ನೋಡಿದವರನ್ನು ಹುಡುಕಬೇಕು.

ತೃತೀಯ ದರ್ಜೆಯದು ಮುಧೋಳ, ಜಮಖಂಡಿ, ತೇರದಾಳ ದಾಟಿ ಹೋಗಬೇಕಾದ ಬಾಗಲಕೋಟೆ–ಕುಡಚಿ ರೈಲು. 142 ಕಿಲೋಮೀಟರಿನ ಈ ಮಾರ್ಗ ಮಂಜೂರಾದದ್ದು 2010-11ರಲ್ಲಿ. ಹತ್ತು ವರ್ಷ ಕಾಲು ಒತ್ತಿದ ಮೇಲೂ ಸಿದ್ಧವಾದದ್ದು ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ತುಣುಕು. ಹೊಗೆ ಬಂದಿದೆ, ಟರ್ಬೊ ಏಳಬೇಕು.

ಚತುರ್ಥ ದರ್ಜೆಯದನ್ನು ನೋಡಬೇಕಾದರೆ ಬೀಳಗಿ ತಾಲೂಕಿಗೆ ಹೋಗಬೇಕು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಹೇಳಿತು. ಹತ್ತು ವರ್ಷ ಕಳೆದರೂ ಕೇಂದ್ರದ ಅಧಿಸೂಚನೆ ಹೊರಬೀಳಲಿಲ್ಲ. ಹೊಲ ಮುಳುಗುತ್ತದೆಯೋ ಇಲ್ಲವೋ ತಿಳಿಯದೆ ಬಾವಿ ತೋಡಲೋ ಬೇಡವೋ, ಮನೆ ಕಟ್ಟಲೋ ಬೇಡವೋ ಎಂದು ಕೂತವರು ಈ ದರ್ಜೆಯ ಬಳಕೆದಾರರು. ಇಲ್ಲಿ ಆಕ್ಸಿಲರೇಟರ್ ಯಾರ ಕಾಲ ಕೆಳಗಿದೆ ಎಂಬುದೇ ಇನ್ನೂ ಪತ್ತೆಯಾಗಬೇಕಿದೆ.

5. ಸೂಪರ್‌ಚಾರ್ಜರ್

ಲ್ಯಾಗ್ ಬೇಡ ಎನ್ನುವವರಿಗೆ ಇನ್ನೊಂದು ಯಂತ್ರವಿದೆ. ಸೂಪರ್‌ಚಾರ್ಜರ್ ಕೂಡ ಗಾಳಿಯನ್ನು ಒತ್ತುತ್ತದೆ, ಆದರೆ ಹೊಗೆಗಾಗಿ ಕಾಯುವುದಿಲ್ಲ. ಎಂಜಿನ್ನಿನ ದಂಡಕ್ಕೆ ನೇರ ಬೆಲ್ಟ್ ಹಾಕಿಕೊಂಡು ತಿರುಗುತ್ತದೆ. ಕಾಲು ಒತ್ತಿದ ಕ್ಷಣ ಗಾಳಿ ಸಿಗುತ್ತದೆ. ಅದಕ್ಕೆ ಬೇಕಾದ ಶಕ್ತಿಯನ್ನು ಎಂಜಿನ್ ತನ್ನ ರಟ್ಟೆಯಿಂದಲೇ ಕೊಡಬೇಕು ಎಂಬುದು ಇದರ ದೋಷ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಈ ಮಾದರಿಯ ಒಂದು ಯಂತ್ರವಿದೆ. ಕೃಷ್ಣಾ ನದಿಗೆ ಬ್ಯಾರೇಜ್ ಬೇಕೆಂದು ಕೇಳಿ ಸಾಕಾದ ರೈತರು, ಸರ್ಕಾರದ ಹೊಗೆಗೆ ಕಾಯದೆ, ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಕಟ್ಟಿ ಮುಗಿಸಿದರು. ಅದರ ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಬಂತು, ಅವರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಲ್ಯಾಗ್ ಇಲ್ಲದ ಯಂತ್ರ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಂದಿನಿಂದ ಎಲ್ಲ ಪಕ್ಷಗಳೂ ಟರ್ಬೊ ಮಾದರಿಯನ್ನೇ ಶಿಫಾರಸು ಮಾಡುತ್ತಿವೆ.

6. ವೇಸ್ಟ್‌ಗೇಟ್

ಒತ್ತಡ ಮಿತಿ ಮೀರಿದರೆ ಎಂಜಿನ್ ಒಡೆದೀತು. ಅದಕ್ಕಾಗಿ ಟರ್ಬೊದಲ್ಲಿ ಒಂದು ಕವಾಟ ಇರುತ್ತದೆ. ಒತ್ತಡ ನಿಗದಿತ ಮಟ್ಟ ಮುಟ್ಟಿದ ಕೂಡಲೇ ಅದು ತೆರೆದು ಒಂದಿಷ್ಟು ಹೊಗೆಯನ್ನು ಪಂಖಕ್ಕೆ ತಾಗದಂತೆ ಪಕ್ಕಕ್ಕೆ ಬಿಡುತ್ತದೆ. ಸಾಕು ಎನ್ನುವುದು ಅದರ ಏಕೈಕ ಕೆಲಸ.

ಕಬ್ಬಿನ ಟ್ರ್ಯಾಕ್ಟರಿಗೆ ಈ ಕವಾಟ ಇಲ್ಲದಿರುವುದನ್ನು ಹಂಗಾಮಿನಲ್ಲಿ ಯಾವ ರಸ್ತೆಯಲ್ಲಾದರೂ ಕಾಣಬಹುದು. ಎರಡು ಟ್ರೇಲರ್ ಹಿಂದೆ, ಅವುಗಳ ಮೇಲೆ ಮತ್ತೆರಡು ಟ್ರೇಲರಿನಷ್ಟು ಕಬ್ಬು, ಏರು ಬಂದಾಗ ಮುಂದಿನ ಗಾಲಿ ನೆಲಬಿಟ್ಟು ಆಕಾಶ ನೋಡುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಗಾಲಿ ಗಾಳಿಯಲ್ಲಿ ತಿರುಗುತ್ತದೆ. ಕಡಿಯುವ ಗ್ಯಾಂಗಿಗೆ ಟನ್ನಿನ ಲೆಕ್ಕ, ಬಾಡಿಗೆಗೆ ಟನ್ನಿನ ಲೆಕ್ಕ, ಆದ್ದರಿಂದ ಸಾಕು ಎನ್ನುವ ಜವಾಬ್ದಾರಿಯನ್ನು ರಸ್ತೆಗೆ ವಹಿಸಲಾಗಿದೆ. ಅದು ತಗ್ಗು ಬಿದ್ದು ಹೇಳುತ್ತದೆ.

7. ರೋಗಲಕ್ಷಣ

ಕಾರಿನ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಪೆನ್ಸಿಲಿನಷ್ಟು ದಪ್ಪದ ಅದರ ದಂಡ ಎಣ್ಣೆಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಹಾಳಾಗುವ ಮೊದಲು ಅದು ಸೀಟಿ ಹೊಡೆದು ತಿಳಿಸುತ್ತದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಈ ಸೀಟಿ ಕೇಳುವುದಿಲ್ಲ. ಅಲ್ಲಿ ಮನೆಮನೆಯ ವಿದ್ಯುತ್ ಮಗ್ಗಗಳ ಲಾಳಿ ಓಡಾಡುವ ಖಟಖಟದಲ್ಲಿ ಗಂಡ-ಹೆಂಡಿರ ಜಗಳವೇ ಕೇಳುವುದಿಲ್ಲ. ಕರೆಂಟ್ ಹೋದಾಗ ಎರಡನ್ನೂ ಪರೀಕ್ಷಿಸಿಕೊಳ್ಳಬಹುದು. ಊರ ಹೊರಗೆ ಕೇಳಬಹುದಾದರೂ ಡೆಕ್ಕಿನ ಹಾಡು ಬಿಡುವುದಿಲ್ಲ. ಎರಡನೆಯ ಲಕ್ಷಣ ನೀಲಿ ಹೊಗೆ: ಟರ್ಬೊದ ಎಣ್ಣೆ ಸೋರಿ ಉರಿಯುತ್ತಿದೆ ಎಂದರ್ಥ. ಮೂರನೆಯದು ಕಪ್ಪು ಹೊಗೆ: ಗಾಳಿ ಸಾಲುತ್ತಿಲ್ಲ, ಎಲ್ಲೋ ಪೈಪು ಹರಿದಿದೆ ಎಂದರ್ಥ. ನಮ್ಮಲ್ಲಿ ಕಪ್ಪು ಹೊಗೆಗೆ ‘ಗಾಡಿಗೆ ದಮ್ ಐತಿ’ ಎಂದರ್ಥ.

ಒಂದು ಟರ್ಬೊದ ಮರಣೋತ್ತರ ಪರೀಕ್ಷೆ ನನ್ನ ಸಮ್ಮುಖದಲ್ಲೇ ನಡೆಯಿತು. ಮಿಸ್ತ್ರಿ ಅದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡ. ಪಂಖದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಾಗ ಅದು ಉದುರುವ ಹಲ್ಲಿನಂತೆ ಲೊಟಲೊಟ ಅಂದಿತು. ದಂಡದ ಮೇಲೆ ಸುಟ್ಟು ಕರಿಕಾದ ಎಣ್ಣೆ ಅಂಟಿತ್ತು.

“ಗಾಡಿ ನಿಂದ್ರಿಸಿದ ಕೂಡ್ಲೆ ಬಂದ್ ಮಾಡ್ತಿ ಏನಪಾ?” ಮಿಸ್ತ್ರಿ ಕೇಳಿದ.

“ಮತ್ತ? ಡೀಸೆಲ್ ಪುಕ್ಕಟೆ ಬರ್ತೈತೇನ್ರಿ ಮಾಮಾ?” ಮಾಲೀಕ ಅಂದ.

“ದೂರದಿಂದ ಜೋರ್ ಓಡಿಸ್ಕೊಂಡ್ ಬಂದ ಮ್ಯಾಲ ಒಂದ್ ನಿಮಿಷ ಹಂಗ ಚಾಲೂ ಬಿಡಬೇಕ ತಮ್ಮಾ. ಎಂಜಿನ್ ನಿಂತರ ಎಣ್ಣಿ ನಿಂದರತೈತಿ, ಇದು ಇನ್ನೂ ತಿರಗತಿರತೈತಿ. ಎಣ್ಣಿ ಒಳಗ ಹೊತ್ತಿ ಕರಿ ಆಗತೈತಿ.”

“ಒಂದ್ ನಿಮಿಷ ಸುಮ್ನ ಕುಂದ್ರೂದ? ನಮಗ ಕೆಲಸಿಲ್ಲೇನ್ರಿ?”

ಮಾಲೀಕ ಆಮೇಲೆ ಬಾಕಿನ ಮೇಲೆ ಕೂತು, ನನಗೂ ಚಹಾ ಹೇಳಿ, ಹೋದ ಹಂಗಾಮಿನ ಕಬ್ಬಿನ ಬಿಲ್ಲಿನಲ್ಲಿ ಒಂದು ಕಂತು ಇನ್ನೂ ಬರಬೇಕು, ಬಂದ ಮೇಲೆ ಟರ್ಬೊದ ದುಡ್ಡು ಕೊಡುತ್ತೇನೆ ಎಂದು ಸಂಜೆಯವರೆಗೆ ಮಿಸ್ತ್ರಿಗೆ ಹೇಳುತ್ತಿದ್ದ.

8. ಶಿಫಾರಸು

ಈ ಪ್ರಕರಣದಿಂದ ಹೊರಡುವ ತಾಂತ್ರಿಕ ನಿರ್ಣಯ ಸ್ಪಷ್ಟವಾಗಿದೆ. ನಾಲ್ಕೂ ತಾಲೂಕುಗಳಲ್ಲಿ ತಾಳ್ಮೆಯ ಕೊರತೆ ಇಲ್ಲ, ಹಂಚಿಕೆಯಲ್ಲಿ ದೋಷವಿದೆ. ರೈಲಿಗೆ ಹತ್ತು ವರ್ಷಕ್ಕೂ ಹೆಚ್ಚು, ಅಧಿಸೂಚನೆಗೆ ಅಷ್ಟೇ, ಬಿಲ್ಲಿಗೆ ಮುಂದಿನ ಹಂಗಾಮಿನವರೆಗೆ ಧಾರಾಳವಾಗಿ ಕಾಯುವ ಮನುಷ್ಯ, ತನ್ನದೇ ದುಡ್ಡಿನ, ತನ್ನದೇ ಟರ್ಬೊಗೆ ಒಂದು ನಿಮಿಷ ಕೊಡುವುದಿಲ್ಲ. ಆ ನಿಮಿಷದ ಡೀಸೆಲ್ ಖರ್ಚು ಒಂದೆರಡು ರೂಪಾಯಿ. ಹೊಸ ಟರ್ಬೊಗೆ ಹತ್ತಾರು ಸಾವಿರ.

ಈ ದೋಷಕ್ಕೆ ಈಗ ಹೊಸ ಆಯಾಮವೂ ಸೇರಿದೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಅದರಲ್ಲಿ ಒಂದು ಪಾಲು ಕಬ್ಬಿನದು. ಹೀಗಾಗಿ ಅಪ್ಪ ಕಳಿಸಿದ ಕಬ್ಬು ಕಾರ್ಖಾನೆಗೆ ಹೋಗಿ, ಎಥನಾಲ್ ಆಗಿ, ಬಂಕಿಗೆ ಬಂದು, ಮಗನ ಟರ್ಬೊ ಕಾರಿನಲ್ಲಿ ಉರಿದು, ಹೊಗೆಯಾಗಿ ಟರ್ಬೈನ್ ತಿರುಗಿಸಿ, ಸೈಲೆನ್ಸರಿನಿಂದ ಅಪ್ಪನ ಹೊಲದ ಮೇಲೇ ಹಾಯ್ದು ಹೋಗುವುದು ಸಾಧ್ಯವಿದೆ. ಆ ಕಬ್ಬಿನ ದುಡ್ಡು ಅಷ್ಟರಲ್ಲಿ ಖಾತೆಗೆ ಬಂದಿರುತ್ತದೆಯೇ ಎಂಬುದು ಯಾವ ಟರ್ಬೊ ಬಳಸುತ್ತಾರೆ ಎಂಬುದರ ಮೇಲೆ ನಿಂತಿಲ್ಲ.

ಆದ್ದರಿಂದ ಸಂಬಂಧಪಟ್ಟ ಎಲ್ಲರೂ ಕೆಳಗಿನ ವೇಳಾಪಟ್ಟಿಯನ್ನು ಪಾಲಿಸತಕ್ಕದ್ದು. ಟರ್ಬೊ ಗಾಡಿ ದೂರ ಓಡಿ ಬಂದು ನಿಂತ ಮೇಲೆ ಒಂದು ನಿಮಿಷ ಕಾಯಬೇಕು. ಕಬ್ಬು ಕಾರ್ಖಾನೆಯ ಕಾಟಾ ದಾಟಿದ ಮೇಲೆ 14 ದಿನ ಕಾಯಬೇಕು. ಎರಡೂ ಅವಧಿ ಮುಗಿದ ಮೇಲೆ ಬಂದ್ ಮಾಡಬಹುದು. ಮೊದಲನೆಯದಕ್ಕೆ ಕೀಲಿ ತಿರುವಿದರೆ ಸಾಕು, ಎರಡನೆಯದಕ್ಕೆ ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಿದ ಮೇಲೆ ಅದರ ಎಂಜಿನ್ನನ್ನೂ ಒಂದು ನಿಮಿಷ ಚಾಲೂ ಇಡುವುದನ್ನು ಮರೆಯಬಾರದು.